ಸಿಂಪ್ಯೂಟರ್ ಸೋತಿದ್ದು ಯಾರ ಕೈಲಿ?

ಕೊಡಗಿನ ಯಾವುದೇ ಬೆಳೆಗಾರರನ್ನ ಇವತ್ತು ಕಾಫಿ ರೇಟು ಎಷ್ಟು ಅಂತ ಕೇಳಿ ನೋಡಿ. ಜೇಬಿಗೆ ಕೈ ಹಾಕ್ತಾರೆ, ಫೋನ್ ತೆಗೀತಾರೆ, ಹೇಳ್ತಾರೆ. ಲಂಡನ್ನಿನಲ್ಲಿ ರೊಬಸ್ಟಾ ಎಷ್ಟು, ನ್ಯೂಯಾರ್ಕಿನಲ್ಲಿ ಅರೇಬಿಕಾ ಎಷ್ಟು, ಗೋಣಿಕೊಪ್ಪದಲ್ಲಿ 50 ಕೆ.ಜಿ. ಚೆರ್ರಿ ಮೂಟೆಗೆ ಎಷ್ಟು, ಎಲ್ಲವೂ ಅಂಗೈಯಲ್ಲಿದೆ. ಹಳ್ಳಿಯವರ ಅಂಗೈಗೆ ಒಂದು ಕಂಪ್ಯೂಟರ್ ಕೊಡಬೇಕು ಅನ್ನೋ ಕನಸನ್ನ ಈ ಫೋನು ಬರೋದಕ್ಕಿಂತ ಎಷ್ಟೋ ಮೊದಲೇ ಕಂಡವರಿದ್ದರು. ಅಮೆರಿಕದಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. ಕನಸು ನಿಜವಾಯಿತು, ಯಂತ್ರವೂ ತಯಾರಾಯಿತು. ಹಾಗಾದ್ರೆ ಅದು ಎಲ್ಲಿ ಹೋಯ್ತು?

ಕಥೆ ಶುರುವಾಗೋದು ಹೊರದೇಶದಲ್ಲಿ. 1984ರಲ್ಲಿ ಬ್ರಿಟನ್ನಿನ ಸೈಯಾನ್ ಕಂಪನಿ ಕೈಯಲ್ಲಿ ಹಿಡಿಯೋ ಆರ್ಗನೈಸರ್ ತಂದಿತು. 1993ರಲ್ಲಿ ಆ್ಯಪಲ್ ಕಂಪನಿ ನ್ಯೂಟನ್ ತಂದಿತು. ಬೆಲೆ ಸುಮಾರು 700 ಡಾಲರ್. ಏನು ಪ್ರಚಾರ, ಏನು ಅಬ್ಬರ! ನೀವು ಬರೆದದ್ದನ್ನ ಇದು ಓದುತ್ತೆ ಅಂದರು. ಅದು ತಪ್ಪು ತಪ್ಪಾಗಿ ಓದಿತು. ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ನಗೆಪಾಟಲಾಯಿತು. 1998ರಲ್ಲಿ ಕಂಪನಿಯೇ ಅದನ್ನ ನಿಲ್ಲಿಸಿತು.

ಅಷ್ಟರಲ್ಲಿ, 1996ರಲ್ಲಿ, ಪಾಮ್ ಕಂಪನಿ ಪೈಲಟ್ ಅನ್ನೋ ಪುಟ್ಟ ಯಂತ್ರ ತಂದಿತ್ತು. ಬೆಲೆ 299 ಡಾಲರ್‌ನಿಂದ ಶುರು. ಇದನ್ನ ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಮಾಡಿದ್ದೇನು ಗೊತ್ತಾ? ಅಂಗಿ ಜೇಬಿಗೆ ಹಿಡಿಸೋ ಅಳತೆಗೆ ಒಂದು ಮರದ ತುಂಡು ಕೊಯ್ದು, ಅದನ್ನ ಜೇಬಲ್ಲಿಟ್ಟುಕೊಂಡು ಓಡಾಡಿದ್ದು! ಜೇಬಿಗೆ ಹಿಡಿಯದಿದ್ರೆ ಜನ ಕೊಳ್ಳಲ್ಲ ಅನ್ನೋದು ಅವರ ಲೆಕ್ಕ. ವಿಳಾಸ, ಡೈರಿ, ಮಾಡೋ ಕೆಲಸದ ಪಟ್ಟಿ, ಟಿಪ್ಪಣಿ. ಮುಖ್ಯವಾಗಿ ಇಷ್ಟೇ ಮಾಡ್ತೀನಿ, ಚೆನ್ನಾಗಿ ಮಾಡ್ತೀನಿ ಅಂದಿತು ಪೈಲಟ್. ಗೆದ್ದುಬಿಟ್ಟಿತು. ಬೆನ್ನಿಗೇ ಮೈಕ್ರೋಸಾಫ್ಟ್ ಬಂತು, 2000ದಲ್ಲಿ ಕಾಂಪ್ಯಾಕ್‌ನ ಐಪ್ಯಾಕ್ ಬಂತು. ಬಣ್ಣದ ತೆರೆ, ಹೆಚ್ಚು ವೇಗ. ದೊಡ್ಡ ಜಟಾಪಟಿ. ಆದರೆ ಎಲ್ಲರ ಕಣ್ಣೂ ಒಬ್ಬನೇ ಗಿರಾಕಿಯ ಮೇಲೆ: ಟೈ ಕಟ್ಟಿಕೊಂಡು ಆಫೀಸಿಗೆ ಹೋಗೋ ಇಂಗ್ಲಿಷ್ ಬಲ್ಲವನ ಮೇಲೆ.

ಉಳಿದ ಜನರ ಗತಿಯೇನು? ಈ ಪ್ರಶ್ನೆ ಕೇಳಿದ್ದು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಮಾದರಿ ಯಂತ್ರ ತೋರಿಸಿದರು. ಗುರಿ ಇಟ್ಟುಕೊಂಡ ಬೆಲೆ ಸುಮಾರು 9,000 ರೂಪಾಯಿ. ಅದು ನಡೆಯೋದು ಲಿನಕ್ಸ್ ಮೇಲೆ. ಕನ್ನಡ, ಹಿಂದಿಯಂಥ ನಮ್ಮ ಭಾಷೆಗಳಲ್ಲಿ ಬರಹವನ್ನ ಓದಿ ಹೇಳುತ್ತೆ, ಅಂದರೆ ಅಕ್ಷರ ಬರದವರಿಗೂ ಆಗುತ್ತೆ. ಇನ್ನೊಂದು ಜಾಣತನ ನೋಡಿ. ಊರಿಗೆಲ್ಲ ಒಂದೇ ಯಂತ್ರ ಸಾಕು, ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್. ನಿಮ್ಮ ಕಾರ್ಡ್ ಹಾಕಿ, ನಿಮ್ಮ ಕೆಲಸ ಮುಗಿಸಿ, ಮುಂದಿನವರಿಗೆ ಕೊಡಿ.

ಈಗ ಅದೇ ಹೊತ್ತಿನ ಕೊಡಗಿಗೆ ಬನ್ನಿ. ದಶಕಗಳ ಕಾಲ ಬೆಳೆಗಾರರು ಕಾಫಿಯನ್ನ ಕಾಫಿ ಮಂಡಳಿಯ ಪೂಲ್‌ಗೆ ಕೊಡ್ತಿದ್ದರು. ಮಾರೋದು ಮಂಡಳಿ, ಹಣ ಬರೋದು ಕಂತಿನಲ್ಲಿ. ತೊಂಬತ್ತರ ದಶಕದಲ್ಲಿ ಆ ಕಟ್ಟು ಸಡಿಲವಾಗುತ್ತಾ ಬಂತು. 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರ. ಸ್ವಾತಂತ್ರ್ಯ ಬಂತು ಸರಿ, ಆದರೆ ಬೆಲೆ ತಿಳಿಯೋ ಹೊಣೆಯೂ ಅವನ ತಲೆ ಮೇಲೇ ಬಂತು. 2001ರಲ್ಲಿ ಜಗತ್ತಿನ ಕಾಫಿ ಬೆಲೆ ಸುಮಾರು ಮೂವತ್ತು ವರ್ಷದಲ್ಲೇ ಕನಿಷ್ಠಕ್ಕೆ ಕುಸಿಯಿತು. ದೊಡ್ಡ ಎಸ್ಟೇಟಿನವರಿಗೆ ಬೆಂಗಳೂರು, ಮಂಗಳೂರಿನ ಸಂಪರ್ಕ ಇರುತ್ತೆ. ಎರಡು ಎಕರೆಯ ಸಣ್ಣ ಬೆಳೆಗಾರನಿಗೆ ಏನಿದೆ? ವ್ಯಾಪಾರಿ ಹೇಳಿದ್ದೇ ರೇಟು! ಸಿಂಪ್ಯೂಟರ್‌ನಂಥ ಯಂತ್ರ ಯಾರಿಗಾದರೂ ಬೇಕಿತ್ತು ಅಂದರೆ ಇವರಿಗೇ ಬೇಕಿತ್ತು.

ಆದರೆ ಮಾರುಕಟ್ಟೆ ಕಾಯಲ್ಲ ಸ್ವಾಮಿ. ಮಾದರಿ ಬಂದ ಮೂರು ವರ್ಷದ ಮೇಲೆ, 2004ರ ಮಾರ್ಚ್‌ನಲ್ಲಿ, ಪಿಕೋಪೇಟಾ ಕಂಪನಿ ಬಿಇಎಲ್ ಜೊತೆ ಸೇರಿ ಅಮಿಡಾ ಸಿಂಪ್ಯೂಟರನ್ನ ಮಾರಾಟಕ್ಕೆ ಬಿಟ್ಟಿತು. ಕೈ ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದಿದ್ದು 2007ರಲ್ಲಿ, ನೆನಪಿರಲಿ! ಆದರೆ ಬೆಲೆ? ಕಪ್ಪು ಬಿಳುಪು ತೆರೆಗೆ 9,950, ಬಣ್ಣದ ದುಬಾರಿ ಮಾದರಿಗೆ 19,995. ಇಂಟರ್ನೆಟ್ ಬೇಕಂದ್ರೆ ಮತ್ತೆ ಫೋನ್ ಸಂಪರ್ಕ ಬೇಕು. ವರ್ಷಕ್ಕೆ 50,000 ಮಾರೋ ಗುರಿ ಇತ್ತು. ಮಾರಿದ್ದು ನಾಲ್ಕು ಸಾವಿರದ ಆಸುಪಾಸು. ಅದರಲ್ಲೂ ಹಳ್ಳಿಗೆ ಹೋಗಿದ್ದು ಸ್ವಲ್ಪವೇ.

ಅದನ್ನ ಸೋಲಿಸಿದ್ದು ಪಾಮ್ ಅಲ್ಲ, ಐಪ್ಯಾಕ್ ಅಲ್ಲ. ಸೋಲಿಸಿದ್ದು ಒಂದು ಟಾರ್ಚು!

ಹೌದು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷದ ಮಳೆಗಾಲದಲ್ಲಿ ರಿಲಯನ್ಸ್ ಕಂಪನಿ ‘ಮಾನ್ಸೂನ್ ಹಂಗಾಮಾ’ ಅಂತ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೈಗಿಟ್ಟಿತು. ಅದೇ ವರ್ಷ ನೋಕಿಯಾ 1100 ಬಂತು. ಧೂಳಿಗೆ ಜಗ್ಗಲ್ಲ, ಹಿಡಿದರೆ ಜಾರಲ್ಲ, ತಲೆಯ ಮೇಲೊಂದು ಟಾರ್ಚು. ಆಷಾಢದ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಕೊಡಗಿನಲ್ಲಿ ಟಾರ್ಚಿನ ಬೆಲೆ ಏನು ಅಂತ ಯಾರಿಗಾದರೂ ಬಿಡಿಸಿ ಹೇಳಬೇಕಾ? ಸಿಗ್ನಲ್ ಸಿಗೋ ಗುಡ್ಡ ಹತ್ತಿ ಮಾತಾಡಿದರೂ ಸರಿ, ಗೋಣಿಕೊಪ್ಪದ ರೇಟು, ಕುಶಾಲನಗರದ ರೇಟು ಎರಡೂ ಕೇಳಿ ತಿಳಿಯಬಹುದಿತ್ತು. ಲೈನ್‌ಮನೆಯ ಕಾರ್ಮಿಕರ ಕೈಗೂ ಅದು ತಲುಪಿತು. ಯಾಕೆ? ರೀಚಾರ್ಜ್ ಕೂಪನ್ ಬೀಡಾ ಅಂಗಡಿಯಲ್ಲೂ ಸಿಗುತ್ತಿತ್ತು. ಕೆಟ್ಟರೆ ರಿಪೇರಿಗೆ ಸಂತೆ ಬೀದಿಯಲ್ಲೇ ಜನ ಇದ್ದರು.

ಸಿಂಪ್ಯೂಟರ್ ಮಾಡಿದವರ ಬುದ್ಧಿ ಸಣ್ಣದಲ್ಲ, ಮನಸ್ಸೂ ಸಣ್ಣದಲ್ಲ. ಬಡವರಿಗೆ ಏನು ಬೇಕು ಅಂತ ಅವರು ಯೋಚಿಸಿದರು. ಅದನ್ನ ಊರಿನ ಅಂಗಡಿ ತನಕ ತಲುಪಿಸೋ ಜಾಲ, ಜಾಹೀರಾತು, ಸಾಲ, ರಿಪೇರಿ, ಇವು ಅವರ ಹತ್ತಿರ ಇರಲಿಲ್ಲ. ಕೊಂಡು ಹಂಚಬೇಕಾದ ಸರ್ಕಾರಗಳು ಪ್ರಯೋಗ ಮಾಡಿ ಕೈತೊಳೆದುಕೊಂಡವು. ಭೂ ದಾಖಲೆ ಕೆಲಸಕ್ಕೆ ಕರ್ನಾಟಕವೂ ಒಂದಿಷ್ಟು ಬಳಸಿತು, ಅಲ್ಲಿಗೆ ನಿಂತಿತು.

ಇದರಲ್ಲಿ ನಾವು ಕಳಕೊಂಡಿದ್ದೇನು? ರೇಟು ಹೇಗೋ ಗೊತ್ತಾಯ್ತು, ನಿಜ. ಆದರೆ ಸಿಂಪ್ಯೂಟರ್ ಶುರುವಾಗಿದ್ದೇ ಕನ್ನಡದಂಥ ಭಾಷೆಯಿಂದ. ಗೆದ್ದ ಫೋನುಗಳಿಗೆ ಕನ್ನಡ ಆಮೇಲೆ ಅಂಟಿಸಿದ ಚೀಟಿ. ಅದಕ್ಕೇ ಇವತ್ತಿಗೂ ನಮ್ಮಲ್ಲಿ ಎಷ್ಟೋ ಜನ ಅಮ್ಮನಿಗೆ ‘ಊಟ ಆಯ್ತಾ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೇಳ್ತಾರೆ. ಯಂತ್ರ ಯಾರ ಭಾಷೆಯಲ್ಲಿ ಹುಟ್ಟುತ್ತೋ ಅವರಿಗೇ ಅದು ಸಲೀಸು.

ನಾಳೆ ಬೆಂಗಳೂರಿನಲ್ಲಿ ಇನ್ನೊಂದು ಒಳ್ಳೆ ಯಂತ್ರ ಹುಟ್ಟುತ್ತೆ. ಆವತ್ತು ಚಪ್ಪಾಳೆ ತಟ್ಟೋಣ, ತಪ್ಪಿಲ್ಲ. ಆದರೆ ತಟ್ಟೋಕೆ ಮುಂಚೆ ಒಂದು ಮಾತು ಕೇಳೋಣ: ಇದು ಸಿದ್ದಾಪುರದ ಸಂತೆಗೆ ಯಾವಾಗ ಬರುತ್ತೆ?