ಕಾಲು ತಿಂದ ನರಿ

ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ದೊಡ್ಡ ಮೂಳೆಯೊಂದನ್ನು ಹಿಡಿಂಬನ ಹಲ್ಲೆಂದು ತೋರಿಸುವ ವಾಡಿಕೆ. ಅಂಥ ಊರಿನವರಾದ ನಾವೂ ಮೈ ಜುಮ್ಮೆನ್ನುವ ಕಥೆಗಳೆಂದರೆ ಇಂಗ್ಲಿಷಿನವರ ಸೊತ್ತು ಎಂದುಕೊಂಡಿದ್ದೇವೆ!

ಅಮೆರಿಕದ ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡ. ಪತ್ರಿಕೆಗಳಲ್ಲಿ ಚೆದುರಿಹೋಗಿದ್ದ ಅವನ ಭಯಾನಕ ಕಥೆಗಳನ್ನು ಅಭಿಮಾನಿ ಲೇಖಕರಿಬ್ಬರು 1939ರಲ್ಲಿ ಒಂದೇ ಸಂಪುಟವಾಗಿ ತಂದರು. ಇದಾಗಿ ಹತ್ತು ವರ್ಷಕ್ಕೆ, 1949ರಲ್ಲಿ, ನಮ್ಮ ಡಿ. ಎಲ್. ನರಸಿಂಹಾಚಾರ್ಯರು ಓಲೆಗರಿಯ ಪ್ರತಿಗಳನ್ನು ತಾಳೆನೋಡಿ 'ವಡ್ಡಾರಾಧನೆ'ಯನ್ನು ಪುಸ್ತಕವಾಗಿ ಹೊರತಂದರು. ಹಳಗನ್ನಡ ಗದ್ಯದಲ್ಲಿ 19 ಕಥೆಗಳು. ಜೈನರ ಧರ್ಮಗ್ರಂಥ, ಸರಿ. ಆದರೆ ಹೆದರಿಸುವುದರಲ್ಲಿ ಯಾವ ಲವ್‌ಕ್ರಾಫ್ಟ್‌ಗೂ ಕಡಿಮೆಯಿಲ್ಲ.

ಮೊದಲ ಕಥೆ ಸುಕುಮಾರಸ್ವಾಮಿಯದು. ಹಿಂದೊಂದು ಜನ್ಮದಲ್ಲಿ ಅವನು ವಾಯುಭೂತಿ. ಬುದ್ಧಿ ಹೇಳಿದ ಅತ್ತಿಗೆಯನ್ನು ಒದ್ದುಬಿಟ್ಟ. ಒದ್ದ ಆ ಕಾಲನ್ನೇ ತಿಂದೇನೆಂದು ಅವಳು ಹಟ ತೊಟ್ಟಳು. ಜನ್ಮಗಳು ಕಳೆದವು. ಅವನು ಮುನಿಯಾಗಿ ಕಾಡಿನಲ್ಲಿ ಅಲುಗದೆ ತಪಸ್ಸಿನಲ್ಲಿದ್ದಾಗ ಅವಳು ನರಿಯಾಗಿ ಮರಿಗಳೊಂದಿಗೆ ಬಂದು ಕಾಲಿನಿಂದಲೇ ಶುರುಮಾಡಿದಳು. ಅವನು ಕಾಲೆಳೆದುಕೊಳ್ಳಲಿಲ್ಲ. ನನಗೆ ಹೆದರಿಕೆಯಾಗುವುದು ನರಿಯಿಂದಲ್ಲ, ಆ ಮೌನದಿಂದ.

ಹೊಳಲ್ಕೆರೆಯಲ್ಲಿ ಹತ್ತನೇ ತರಗತಿಗೆ ಇದನ್ನು ಹೇಳಿದಾಗ ಗಲಾಟೆಯ ಹುಡುಗರೂ ತೆಪ್ಪಗಾದರು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಒದ್ದವನಿಗೆ ಸದ್ಗತಿ, ಒದೆ ತಿಂದವಳಿಗೆ ನರಿಜನ್ಮ. ಇದ್ಯಾವ ನ್ಯಾಯ ಟೀಚರ್?"

ಗ್ರಂಥದಲ್ಲಿ ಉತ್ತರವಿದೆ: ಸೇಡಿನ ಸಂಕಲ್ಪ ಜೀವವನ್ನು ಕಟ್ಟಿಹಾಕುತ್ತದೆ, ತಾಳ್ಮೆ ಬಿಡಿಸುತ್ತದೆ. ಅದನ್ನೇ ಹೇಳಿದೆ. ಹುಡುಗಿ ಕೂತಳು, ಒಪ್ಪಿದಂತೆ ಕಾಣಲಿಲ್ಲ. ಪಕ್ಕದವಳು ಮೆಲ್ಲಗೆ ಕೇಳಿದಳು, "ಆ ಮರಿಗಳು ಆಮೇಲೆ ಏನಾದವು?"