ಸೈಕಲ್ಲಿಗೆ ಯಾವ ಕ್ಯಾಮೆರಾ?

ಕೊಳ್ಳೇಗಾಲದಿಂದ ಯಳಂದೂರು, ತಿರುಗಿ ಬಂದು ಹನೂರು ಅಂತ ಸೈಕಲ್ ಸುತ್ತಾಟಕ್ಕೆ ಪ್ಲಾನ್ ಹಾಕುವಾಗ ನಮ್ಮಲ್ಲಿ ತಕರಾರು ಎದ್ದದ್ದು ಕ್ಯಾಮೆರಾ ವಿಷಯಕ್ಕೆ. ತಕರಾರು ಹಳೆಯದೇ. ಗಾಜಿನ ಪ್ಲೇಟುಗಳ ಕಾಲದಲ್ಲಿ ಭಾರದ ಜೊತೆಗೆ ಒಡೆಯುವ ಭಯವೂ ಇತ್ತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ 100 ಚಿತ್ರಗಳ ರೋಲ್ ತುಂಬಿದ ಕೊಡಕ್ ತಂದ ಮೇಲೆ ಲೆಕ್ಕ ಬದಲಾಯಿತು. 1890ರಲ್ಲಿ ಕಾಲೇಜು ಮುಗಿಸಿ ಹೊರಟ ಥಾಮಸ್ ಅಲೆನ್, ವಿಲಿಯಂ ಸ್ಯಾಕ್ಟ್ಲೆಬೆನ್ ಎಂಬ ಅಮೆರಿಕದ ಹುಡುಗರು ಕೊಡಕ್ ಇಟ್ಟುಕೊಂಡೇ ಏಷ್ಯಾ ದಾಟಿ ಪೀಕಿಂಗ್ ಮುಟ್ಟಿದರು.

ನಮ್ಮ ದೇಶದ ಸಾಮಾನ್ಯರ ಕೈಗೆ ಎಟುಕಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಹಗುರ, ಬ್ಯಾಟರಿ ಬೇಡ, ಫೋಕಸ್ ತಿರುಗಿಸುವ ಗೋಜಿಲ್ಲ. 120 ರೋಲಿಗೆ 12 ಚಿತ್ರ. ಸೈಕಲ್ಲಿಗೆ ಹೇಳಿ ಮಾಡಿಸಿದ್ದೇ ಅನ್ನಿ. ಆದರೆ ಯಳಂದೂರಿನ ಗೌರೀಶ್ವರ ದೇಗುಲದ ಬಳೆ ಮಂಟಪಕ್ಕೆ ಆ ಹೆಸರು ತಂದ ಕಲ್ಲಿನ ಬಳೆಗಳನ್ನು ಹತ್ತಿರದಿಂದ ಹಿಡಿಯಲು ಹೋದರೆ ಚಿತ್ರ ಮಸುಕು.

ಹೀಗಾಗಿ ಡಿಎಸ್‌ಎಲ್‌ಆರೇ ಬೇಕೆಂದವರು ನಮ್ಮಲ್ಲಿದ್ದರು. ಸುದ್ದಿಗಿಷ್ಟು ಎಂದು ಕಾಸು ಎಣಿಸುವ ಸ್ಟ್ರಿಂಜರುಗಳು ನಾವು; ಕ್ಯಾರಿಯರ್ ಮೇಲೆ ಕಟ್ಟಿದ ಲೆನ್ಸು ಗುಂಡಿಗಳಲ್ಲಿ ಕುಲುಕಿ ಕೆಟ್ಟರೆ ತಿಂಗಳ ದುಡಿಮೆ ರಿಪೇರಿಗೇ ಹೋಗುತ್ತದೆ, ಅಷ್ಟು ದಿನ ಫೋಟೊ ಕೆಲಸವೂ ನಿಲ್ಲುತ್ತದೆ. ಮೊಬೈಲ್ ಸಾಕೆಂದರೆ ದಾರಿ, ಕರೆ, ಚಿತ್ರ ಎಲ್ಲಕ್ಕೂ ಒಂದೇ ಬ್ಯಾಟರಿ. ಹನೂರು ದಾಟಿ ಮಾದಪ್ಪನ ಬೆಟ್ಟದ ಏರು ಶುರುವಾದರೆ ನೂರು ಗ್ರಾಮೂ ಭಾರವೇ.

ಕೊನೆಗೆ ಅಂಗೈಯಗಲದ ಕಾಂಪ್ಯಾಕ್ಟ್ ಕ್ಯಾಮೆರಾ, ಎರಡು ಬ್ಯಾಟರಿ, ಎದೆಗೆ ಕಟ್ಟುವ ಚೀಲ ಎಂದಾಯಿತು. ಕ್ಯಾರಿಯರಿಗಿಂತ ಮೈಮೇಲೆ ಕುಲುಕಾಟ ಕಡಿಮೆ. ದೂರದ ಆನೆ ಇದರಲ್ಲಿ ಚುಕ್ಕಿಯಷ್ಟೇ ಬಂದೀತು. ಹತ್ತಿರದ ಆನೆಯ ಫೋಟೊ ನಮಗೆ ಬೇಕಾಗಿಲ್ಲ.