ಬೋರ್ಡಿನ ಕೆಳಗಿನ ಸಣ್ಣ ಹೆಸರು

ಹೈದರಾಬಾದಿನ ಹಳೆಯ ಪೆಟ್ರೋಲ್ ಬಂಕುಗಳ ಬೋರ್ಡು ಓದುವುದು ನನ್ನ ಹಳೆಯ ಚಾಳಿ. ಮೇಲೆ ಕಂಪನಿಯ ಹೆಸರು ದೊಡ್ಡದಾಗಿ, ಅದರ ಕೆಳಗೆ ‘ಅಂಡ್ ಸನ್ಸ್’, ‘ಬ್ರದರ್ಸ್’ ಎಂದು ಒಂದು ಕುಟುಂಬದ ಹೆಸರು ಸಣ್ಣದಾಗಿ. ಮಾರುವ ಸರಕು, ಅದರ ಬೆಲೆ, ಕೊನೆಗೆ ಗೋಡೆಯ ಬಣ್ಣ ಕೂಡ ಈ ಕುಟುಂಬಗಳ ಕೈಯಲ್ಲಿಲ್ಲ. ಹೀಗಿದ್ದೂ ಅಪ್ಪನಿಂದ ಮಗನಿಗೆ ವ್ಯಾಪಾರ ಬೆಳೆದದ್ದು ಹೇಗೆ?

ಕಥೆ ಶುರುವಾಗುವುದು ಪೆಟ್ರೋಲಿನಿಂದಲ್ಲ, ನಾವು ಸೀಮೆಎಣ್ಣೆ ಅಥವಾ ಚಿಮಣಿ ಎಣ್ಣೆ ಎನ್ನುವ, ಇಲ್ಲಿನವರು ಗ್ಯಾಸ್‌ನೂನೆ ಎನ್ನುವ ದೀಪದ ಎಣ್ಣೆಯಿಂದ. ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬ, ಮರದ ಪೆಟ್ಟಿಗೆಗೆ ಎರಡರಂತೆ ಬರುತ್ತಿತ್ತು. 1928ರಲ್ಲಿ ಬರ್ಮಾ-ಶೆಲ್ ಕಂಪನಿ ಹುಟ್ಟಿತು. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳನ್ನು ರಸ್ತೆಗಿಳಿಸಿತು. ಪರದೇಶದ ಕಂಪನಿಗೆ ಗೋದಾಮು, ಗಾಡಿ, ಠೇವಣಿ ಹಣ ಇರುವ, ಊರಿನ ಅಂಗಡಿಕಾರರಿಗೆ ಉದ್ದರಿ ಕೊಟ್ಟು ವಸೂಲಿ ಮಾಡಬಲ್ಲ ಏಜೆಂಟ್ ಬೇಕಿದ್ದ. ಯಾರಿಗೆ ಎಷ್ಟು ನಂಬಬಹುದೆಂಬ ಲೆಕ್ಕ ಕಂಪನಿಯ ಕಡತದಲ್ಲಿ ಸಿಗುವಂಥದ್ದಲ್ಲ; ಅದು ಮನೆಯೊಳಗೇ ಕಲಿಯುವ ವಿದ್ಯೆ. ಕುಟುಂಬದ ಮೊದಲ ಬಂಡವಾಳ ಅದು.

ಮೇಲಿನ ಹೆಸರು ಮಾತ್ರ ಬದಲಾಗುತ್ತಲೇ ಹೋಯಿತು. 1942ರಲ್ಲಿ ರಂಗೂನು ಜಪಾನಿಗಳ ಕೈಸೇರಿ ಬರ್ಮಾದ ಎಣ್ಣೆ ನಿಂತಿತು, ಪೆಟ್ರೋಲಿಗೆ ರೇಷನ್ ಬಿಗಿಯಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯ ಸೇರಿ, ಒಂದೇ ಮಾರುಕಟ್ಟೆಯ ನಡುವೆ ರಾಜ್ಯದ ಗಡಿ ಬಂತು. ಮರುವರ್ಷ ವಿಶಾಖಪಟ್ಟಣದಲ್ಲಿ ಕ್ಯಾಲ್ಟೆಕ್ಸ್ ಸಂಸ್ಕರಣಾಗಾರ ಶುರುವಾಯಿತು. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ-ಶೆಲ್ ಮತ್ತು ಕ್ಯಾಲ್ಟೆಕ್ಸ್ ಸರ್ಕಾರದ ಪಾಲಾದವು. ಬೋರ್ಡಿನ ಮೇಲೆ ಹಿಂದೂಸ್ತಾನ್, ಭಾರತ್ ಎಂಬ ಹೊಸ ಹೆಸರು ಬಂದವು. ಕೆಳಗಿನ ಸಣ್ಣ ಹೆಸರು ಅನೇಕ ಕಡೆ ಹಾಗೇ ಉಳಿಯಿತು.

ಜಾಣ ಕುಟುಂಬಗಳು ಬೆಳೆದದ್ದು ತಮ್ಮ ಕೈಗೆ ಎಟುಕುವ ಕಡೆ. ಕೆಲವರು ಹೆದ್ದಾರಿ ಪಕ್ಕ ಜಾಗ ಕೊಂಡರು, ಕೆಲವರು ಡಿಪೊದಿಂದ ಎಣ್ಣೆ ತರಲು ಸ್ವಂತ ಟ್ಯಾಂಕರ್ ಹಾಕಿದರು. ಜಾಗ ಕಂಪನಿಯದಾದರೆ ‘ಎ ಸೈಟ್’, ಡೀಲರ್‌ನದಾದರೆ ‘ಬಿ ಸೈಟ್’. ಕಾಗದದ ಮೇಲೆ ಒಂದಕ್ಷರದ ವ್ಯತ್ಯಾಸ. ಮನೆಯ ಆಸ್ತಿಯ ಲೆಕ್ಕದಲ್ಲಿ ಭೂಮಿ ಆಕಾಶದ ಅಂತರ. ಡೀಲರ್‌ಶಿಪ್ ಮಾತ್ರ ಹೊಲದಂತೆ ಭಾಗವಾಗುವುದಿಲ್ಲ. ಅಪ್ಪ ತೀರಿಕೊಂಡರೆ ಮಕ್ಕಳು ಕಂಪನಿಗೆ ಅರ್ಜಿ ಹಾಕಬೇಕು, ಅದು ಒಪ್ಪಬೇಕು.

ಇಲ್ಲೊಂದು ಕಷ್ಟದ ಪ್ರಶ್ನೆಯಿದೆ. ರಾಷ್ಟ್ರೀಕರಣದ ನಂತರ ಡೀಲರ್‌ಶಿಪ್ ಸರ್ಕಾರಿ ಕಂಪನಿ ಹಂಚುವ ಅವಕಾಶವಾಯಿತು. ದಲಿತರು, ಆದಿವಾಸಿಗಳಿಗೆ ಮೀಸಲಾತಿ ಬಂದು, ಗೋದಾಮು ಠೇವಣಿ ಇಲ್ಲದವರಿಗೂ ಬಾಗಿಲು ತೆರೆಯಿತು. ಇನ್ನೊಂದು ಕಡೆ, ಮಂತ್ರಿಯೊಬ್ಬರು ಮನಬಂದಂತೆ ಹಂಚಿದ್ದ 15 ಬಂಕುಗಳನ್ನು 1996ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಬೇಕಾಯಿತು. ಹಾಗಾದರೆ ಇದು ಕುಟುಂಬದ ಆಸ್ತಿಯೋ, ಸಾರ್ವಜನಿಕರ ಸ್ವತ್ತೋ? ದುಡಿಮೆ ಮನೆಯವರದು, ಪರವಾನಗಿ ಸಮಾಜದ್ದು ಎಂಬುದು ನನ್ನ ಉತ್ತರ. ತಲೆಮಾರಿನ ದುಡಿಮೆಗೆ ಗೌರವ ಸಲ್ಲಲಿ; ಆದರೆ ಅದು ಹೊಸಬರ ಬಾಗಿಲಿಗೆ ಅಗುಳಿಯಾಗಬಾರದು.

2017ರ ಜೂನ್ 16ರಿಂದ ದೇಶವಿಡೀ ಬೆಲೆ ದಿನದಿನವೂ ಬದಲಾಗುವ ಪದ್ಧತಿ ಬಂತು. ಸಂಜೆ ತುಂಬಿಸಿದ ಟ್ಯಾಂಕಿನ ಎಣ್ಣೆಯ ದರ ಬೆಳಿಗ್ಗೆ ಇಳಿದರೆ ನಷ್ಟ ಡೀಲರ್‌ನದು. ಈಗ ವಿದ್ಯುತ್ ವಾಹನಗಳೂ ಬಂದಿವೆ. ಡಬ್ಬದಿಂದ ಪಂಪಿಗೆ ದಾಟಿದ ಮನೆಗಳು ಚಾರ್ಜಿಂಗ್ ಪಾಯಿಂಟಿಗೂ ದಾಟಬಹುದು. ಆದರೆ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವ ಗಿರಾಕಿಗೆ ಉದ್ದರಿಯೂ ಬೇಡ, ಗೋದಾಮೂ ಬೇಡ.